ಸಹಾಯ ಬೇಕು: ಪಿಎಚ್‌ಪಿ 7.4 ಮತ್ತು 8.3ರಲ್ಲಿ ಚೈಲ್ಡ್ ಪ್ರಾಸೆಸ್‌ನ ಎಕ್ಸಿಟ್ ಕೋಡ್

ನಮಸ್ಕಾರ. ಪುಣೆಯಲ್ಲಿ ನಾನು ನೋಡಿಕೊಳ್ಳುವ ಪಿಎಚ್‌ಪಿ (ಪ್ರೋಗ್ರಾಮಿಂಗ್ ಭಾಷೆ) ಸ್ಕ್ರಿಪ್ಟೊಂದು ರಾತ್ರಿಯ ಬ್ಯಾಕಪ್‌ಗಾಗಿ ಚೈಲ್ಡ್ ಪ್ರಾಸೆಸ್ (ಸ್ಕ್ರಿಪ್ಟ್ ತಾನೇ ಶುರುಮಾಡುವ ಇನ್ನೊಂದು ಪ್ರೋಗ್ರಾಮ್) ಆರಂಭಿಸಿ, ಅದು ಮುಗಿಯಿತೇ ಎಂದು ಪ್ರಾಕ್_ಗೆಟ್_ಸ್ಟೇಟಸ್ ಎಂಬ ಫಂಕ್ಷನ್‌ನಿಂದ ಆಗಾಗ ವಿಚಾರಿಸುತ್ತಿರುತ್ತದೆ. 8.3 ಇರುವ ಹೊಸ ಲಿನಕ್ಸ್ ಸರ್ವರ್‌ನಲ್ಲಿ ಎಷ್ಟು ಬಾರಿ ಕೇಳಿದರೂ ಸರಿಯಾದ ಎಕ್ಸಿಟ್ ಕೋಡ್ (ಪ್ರಾಸೆಸ್ ಮುಗಿಯುವಾಗ ತನ್ನ ಫಲಿತಾಂಶವಾಗಿ ಕೊಡುವ ಸಂಖ್ಯೆ) ಸಿಗುತ್ತದೆ, 7.4ರಲ್ಲಿ ಮಾತ್ರ ಪ್ರಾಸೆಸ್ ಮುಗಿದ ನಂತರದ ಮೊದಲ ಕರೆಗೆ ನಿಜವಾದ ಕೋಡ್ 3 ಬಂದು, ಮುಂದಿನ ಕರೆಗಳಿಗೂ ಪ್ರಾಸೆಸನ್ನು ಮುಚ್ಚುವ ಪ್ರಾಕ್_ಕ್ಲೋಸ್‌ಗೂ -1 (ಕೋಡ್ ಸಿಗಲಿಲ್ಲ ಎಂದರ್ಥ) ಬರುತ್ತದೆ. ಗ್ರಾಹಕರು ಹಳೆಯದನ್ನು ಸದ್ಯಕ್ಕೆ ಬಿಡಲೊಲ್ಲರು.

ಪ್ರಾಕ್_ಕ್ಲೋಸ್ ಒಂದನ್ನೇ ನೆಚ್ಚಿದರೆ ಕೋಡ್ ಎರಡೂ ಕಡೆ ಸರಿಯಿರುತ್ತದೆ, ಆದರೆ ಅದು ಪ್ರಾಸೆಸ್ ಮುಗಿಯುವ ತನಕ ಕಾಯುತ್ತಲೇ ಇರುವುದರಿಂದ ಟೈಮ್‌ಔಟ್ (ಕಾಯುವ ಸಮಯಕ್ಕೆ ಮಿತಿ) ಹಾಕಲಾಗುವುದಿಲ್ಲ. ಮೊದಲ ಕರೆಯ ಕೋಡನ್ನು ತೆಗೆದಿಟ್ಟುಕೊಳ್ಳುವ ಉಪಾಯವನ್ನೂ ಮಾಡಿದೆ. ಲಾಗ್ ಬರೆಯುವ ಲೈಬ್ರರಿಯೂ ಇದೇ ಕರೆ ಮಾಡುವುದರಿಂದ ಒಮ್ಮೊಮ್ಮೆ ಅದೇ ಮೊದಲು ಕೇಳಿಬಿಟ್ಟು, ನನ್ನ ಪಾಲಿಗೆ -1 ಉಳಿಯುತ್ತದೆ.

ಲೈಬ್ರರಿಯನ್ನು ತಿದ್ದದೆ ಎರಡೂ ಆವೃತ್ತಿಗಳಲ್ಲಿ ನಂಬಬಹುದಾದ ಕೋಡ್ ಪಡೆಯಲು, ಅದನ್ನು ಕಮಾಂಡ್‌ಗಳನ್ನು ನಡೆಸುವ ಶೆಲ್‌ನಿಂದಲೇ ಪ್ರತ್ಯೇಕ ಪೈಪ್‌ಗೆ (ಪ್ರಾಸೆಸ್‌ಗಳ ನಡುವೆ ಡೇಟಾ ಸಾಗಿಸುವ ದಾರಿ) ಬರೆಸುವುದು ಸರಿಯೇ, ಅಥವಾ ಬೇರೆ ದಾರಿಯಿದೆಯೇ?