ಪೋಲೋಗೆ ಸ್ಪ್ರಿಂಗ್-ಶಾಕ್ ಕಿಟ್: ಡೀಲರ್ ಕೊಟ್ಟ ಲೇಬರ್ ಎಸ್ಟಿಮೇಟ್ ಸರಿ ಇದೆಯಾ?

ಟರ್ಬೊ_ಜಯನಗರ:
ಗಾಡಿ 2021ರ ಫೋಕ್ಸ್‌ವ್ಯಾಗನ್ ಪೋಲೋ 1.0 ಟಿಎಸ್‌ಐ (ಟರ್ಬೊ ಪೆಟ್ರೋಲ್) ಮ್ಯಾನ್ಯುಯಲ್, ವಾರಂಟಿ ಮುಗಿದಿದೆ. ಗಾಡಿಯ ಎತ್ತರ 35 ಎಂಎಂ ಇಳಿಸುವ ಕಿಟ್ (4 ಸ್ಪ್ರಿಂಗ್, 4 ಶಾಕ್) ಡೀಲರ್ ಹತ್ತಿರವೇ ಹಾಕಿಸುವ ಯೋಚನೆ. ಕಿಟ್ ಬೆಲೆ ಹಾಗಿರಲಿ, ಲೇಬರ್ ನೋಡಿ. ಗಂಟೆಗೆ 1,500 ರೂ.

ಮುಂದಿನ ಸ್ಟ್ರಟ್ (ಶಾಕ್, ಸ್ಪ್ರಿಂಗ್ ಸೇರಿದ ಜೋಡಣೆ) ಬಿಚ್ಚಿ ಹಾಕಲು 2.4 ಗಂಟೆ
ಮುಂದಿನ ಸ್ಪ್ರಿಂಗ್ ಬದಲಿಗೆ 1.6
ಟಾಪ್ ಮೌಂಟ್ (ಸ್ಟ್ರಟ್‌ನ ಮೇಲ್ತುದಿಯನ್ನು ಬಾಡಿಗೆ ಹಿಡಿಸುವ ಭಾಗ) ಬದಲಿಗೆ 1.6
ಹಿಂದಿನ ಶಾಕ್ 1.4
ಹಿಂದಿನ ಸ್ಪ್ರಿಂಗ್ 1.4
ಫೋರ್ ವೀಲ್ ಅಲೈನ್‌ಮೆಂಟ್ 0.9

ಒಟ್ಟು 9.3 ಗಂಟೆ, 13,950 ರೂ. ಜಿಎಸ್‌ಟಿ ಸೇರಿ 16,461. ಮೇಲೆ ‘ಕನ್ಸ್ಯೂಮಬಲ್ಸ್’ ಅಂತ 1,200. ಹೊರಗಿನ ಗ್ಯಾರೇಜ್‌ನವರು ಎಲ್ಲ ಸೇರಿ 7,000 ಅಂತಾರೆ. ಆಮೇಲೆ ಸ್ಟೇಜ್ 1 ರೀಮ್ಯಾಪ್ (ಪವರ್ ಹೆಚ್ಚಿಸಲು ಎಂಜಿನ್ ಸಾಫ್ಟ್‌ವೇರ್ ಬದಲಾವಣೆ) ಮಾಡಿಸಬೇಕು, ಅದಕ್ಕೆ ಲೇಬರ್ ಎಷ್ಟು ಕೇಳುತ್ತಾರೆ?

ಸ್ಪ್ಯಾನರ್_13:
ಗಂಟೆಯ ದರದಲ್ಲಿ ತಕರಾರಿಲ್ಲ ಸರ್, ಗಂಟೆಗಳಲ್ಲೇ ಇದೆ. ಒಂದೇ ಕೆಲಸವನ್ನು ಎರಡೆರಡು ಸಲ ಎಣಿಸಿದ್ದಾರೆ.

ಮುಂದೆ ಸ್ಟ್ರಟ್ ಹೊರಗೆ ಬಂದ ಮೇಲೆ ಕಂಪ್ರೆಸರ್‌ನಲ್ಲಿ ಸ್ಪ್ರಿಂಗ್ ಒತ್ತಿ ಮೇಲಿನ ನಟ್ ತೆಗೆದರೆ ಸ್ಪ್ರಿಂಗ್, ಟಾಪ್ ಮೌಂಟ್, ಬೇರಿಂಗ್ ಎಲ್ಲ ಒಟ್ಟಿಗೇ ಕೈಗೆ ಬರುತ್ತವೆ. ಮೌಂಟ್‌ಗೆ ಬೇರೆ ಲೇಬರ್ ಹಾಕಲು ಜಾಗವೇ ಇಲ್ಲ. ಎರಡೂ ಬದಿಗೆ ಸೇರಿ ಬೆಂಚ್ ಕೆಲಸ 0.8 ಗಂಟೆ. ಹಿಂದೆ ಟಾರ್ಷನ್ ಬೀಮ್, ಅಂದರೆ ಎರಡೂ ಹಿಂಚಕ್ರ ಜೋಡಿಸುವ ಒಂದೇ ತೊಲೆ. ಶಾಕ್‌ನ ಕೆಳಗಿನ ಬೋಲ್ಟ್ ತೆಗೆದು ಬೀಮ್ ಇಳಿಸಿದರೆ ಸ್ಪ್ರಿಂಗ್ ತಾನಾಗಿಯೇ ಬರುತ್ತದೆ. ಎರಡಕ್ಕೂ ಸೇರಿ 1.4 ಸಾಕು.

2.4 + 0.8 + 1.4 + 0.9 = 5.5 ಗಂಟೆ. ಅವರ ದರದಲ್ಲೇ 8,250, ಜಿಎಸ್‌ಟಿ ಸೇರಿ 9,735. ಹೆಚ್ಚಿಗೆ ಕೇಳಿರುವುದು 6,726. ಸರ್ವಿಸ್ ಅಡ್ವೈಸರ್ ಹತ್ತಿರ ‘ರೇಟ್ ಕಮ್ಮಿ ಮಾಡಿ’ ಅನ್ನಬೇಡಿ, ‘ಓವರ್‌ಲ್ಯಾಪ್ ತೆಗೆದು ಎಸ್ಟಿಮೇಟ್ ಮತ್ತೆ ಕೊಡಿ’ ಅನ್ನಿ. ಡಿಸ್ಕೌಂಟ್ ಕೊಡುವ ಅಧಿಕಾರ ಅವರಿಗೆ ಇರಲಿಕ್ಕಿಲ್ಲ, ಸಾಲು ಅಳಿಸುವುದು ಕಷ್ಟವಲ್ಲ.

1,200ರ ಬಾಬ್ತು ಬಿಡಿಸಿ ಬರೆಸಿಕೊಳ್ಳಿ. ಹೊಸ ಬೋಲ್ಟ್-ನಟ್‌ಗಳಿಗಾದರೆ ಕೊಡಿ, ನ್ಯಾಯವಾದದ್ದು. ಸಸ್ಪೆನ್ಷನ್‌ನಲ್ಲಿ ಟಾರ್ಕ್ ಕೊಟ್ಟು ಮೇಲೆ ಡಿಗ್ರಿ ಲೆಕ್ಕದಲ್ಲಿ ತಿರುಗಿಸುವ ಬೋಲ್ಟ್ ಹಿಗ್ಗಿರುತ್ತದೆ, ಮತ್ತೆ ಬಳಸಬಾರದು. ಬರೀ ಡಬ್ಲ್ಯುಡಿ-40, ಬಟ್ಟೆ, ಗ್ರೀಸ್ ಅಂದರೆ ಹೊಡೆದು ಹಾಕಿಸಿ.

ಅಡ್ಡರಸ್ತೆ:
ಹೊರಗಿನ 7,000ದಲ್ಲಿ ಏನಿಲ್ಲ ಅನ್ನುವುದನ್ನೂ ಕೇಳಿ. ಅಲೈನ್‌ಮೆಂಟ್ ಇದೆಯಾ? ಹೊಸ ಬೋಲ್ಟ್? ಜಿಎಸ್‌ಟಿ ಬಿಲ್? ಡ್ರಾಪ್ ಲಿಂಕ್ (ಆ್ಯಂಟಿ-ರೋಲ್ ಬಾರ್‌ಅನ್ನು ಸ್ಟ್ರಟ್‌ಗೆ ಸೇರಿಸುವ ಕಡ್ಡಿ) ತುಕ್ಕು ಹಿಡಿದಿದ್ದರೆ ಅದರ ಬಾಲ್ ಸ್ಟಡ್ ನಟ್ ಜೊತೆಗೇ ಸುತ್ತುತ್ತದೆ, ಕತ್ತರಿಸಲೇಬೇಕಾಗುತ್ತದೆ. ಒಂದು ಜೊತೆ ಹೊಸ ಲಿಂಕ್‌ಗೆ ಈಗಲೇ ದುಡ್ಡು ತೆಗೆದಿಡಿ.

ಗ್ಯಾರೇಜ್ ಆಯ್ಕೆಗೆ ಮೂರೇ ಪ್ರಶ್ನೆ ಸಾಕು. ನಕಲ್ (ಚಕ್ರದ ಹಬ್ ಹಿಡಿದಿರುವ ಭಾಗ) ಸ್ಟ್ರಟ್‌ಅನ್ನು ಹಿಡಿಯುವ ಕ್ಲ್ಯಾಂಪ್ ಅಗಲಿಸುವ ಸ್ಪ್ರೆಡರ್ ಇದೆಯಾ? ಇಲ್ಲದವರು ಉಳಿ ಬಡಿದು ತೆಗೆಯುತ್ತಾರೆ, ನಕಲ್ ಹಾಳು. ಮೇಲಿನ ನಟ್‌ಗೆ ಇಂಪ್ಯಾಕ್ಟ್ ಗನ್ ಹಾಕುತ್ತಾರಾ? ಅಲೆನ್ ಕೀಯಿಂದ ಶಾಕ್‌ನ ರಾಡ್ ಹಿಡಿಯದೆ ಗನ್ ಬಿಟ್ಟರೆ ರಾಡ್ ಗಿರಗಿರ ಸುತ್ತಿ ಹೊಸ ಶಾಕ್‌ನ ಸೀಲ್ ಕೆಡಬಹುದು. ಮೂರನೆಯದು ಬಹಳ ಜನ ಮರೆಯುವಂಥದ್ದು: ಹಿಂದಿನ ಶಾಕ್ ಬೋಲ್ಟ್‌ಗೆ ಕೊನೆಯ ಟಾರ್ಕ್ ಕೊಡಬೇಕಾದ್ದು ಗಾಡಿಯ ಭಾರ ಚಕ್ರದ ಮೇಲೆ ಕೂತಾಗ. ಲಿಫ್ಟ್‌ನಲ್ಲಿ ನೇತಾಡುವಾಗ ಬಿಗಿ ಮಾಡಿದರೆ ರಬ್ಬರ್ ಬುಷ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.

ಫಿಟ್ಟಿಂಗ್ ಆದ ಮೇಲೆ ಸ್ಟೀರಿಂಗ್ ತಿರುಗಿಸುವಾಗ ‘ಟಂಗ್’ ಅಂದರೆ ಸ್ಪ್ರಿಂಗ್ ತುದಿ ಸ್ಪ್ರಿಂಗ್ ಕೂರುವ ತಟ್ಟೆಯ ಗುಂಡಿಯಲ್ಲಿ ಕೂತಿದೆಯಾ ನೋಡಿಸಿ. ಟಾಪ್ ಬೇರಿಂಗ್ ತಿರುವುಮುರುವಾಗಿದ್ದರೂ ಅದೇ ಸದ್ದು. ಇವುಗಳಿಗೆ ಎರಡನೇ ಸಲ ಲೇಬರ್ ಕೊಡಬೇಡಿ.

ಇನ್ನೊಂದು, ಹಿಂದಿನ ಬೀಮ್‌ನಲ್ಲಿ ಅಡ್ಜಸ್ಟ್ ಮಾಡಲು ಏನೂ ಇಲ್ಲ, ಅಳೆಯಬಹುದು ಅಷ್ಟೇ. ಮುಂದೆ ಟೋ (ಚಕ್ರಗಳು ಒಳಗೆ-ಹೊರಗೆ ತಿರುಗಿರುವ ಕೋನ) ಸರಿ ಮಾಡುತ್ತಾರೆ. ಆದ್ದರಿಂದ ಮೊದಲಿನ, ಆಮೇಲಿನ ಪ್ರಿಂಟ್‌ಔಟ್ ಎರಡೂ ಇಸ್ಕೊಳ್ಳಿ.

ಬೂಸ್ಟ್_ಹುಬ್ಬಳ್ಳಿ:
ರೀಮ್ಯಾಪ್‌ಗೆ ಲೇಬರ್ ಅನ್ನುವುದೇ ನೆಪ. ಒಬಿಡಿ ಪೋರ್ಟ್‌ನಿಂದಲೇ (ಗಾಡಿಯೊಳಗಿನ ಡಯಾಗ್ನೋಸ್ಟಿಕ್ ಸಾಕೆಟ್) ಫ್ಲ್ಯಾಶ್ ಆದರೆ ಒಂದು ಗಂಟೆಯ ಒಳಗಿನ ಕೆಲಸ. ನೀವು ದುಡ್ಡು ಕೊಡುವುದು ಫೈಲಿಗೆ. ‘ಇಸಿಯು ಬಿಚ್ಚಲು 2 ಗಂಟೆ’ (ಇಸಿಯು ಅಂದರೆ ಎಂಜಿನ್ ಕಂಪ್ಯೂಟರ್) ಅಂತ ಬರೆದಿದ್ದರೆ ಬೆಂಚ್ ಮೇಲೆ ಯಾಕೆ ಮಾಡುತ್ತಿದ್ದಾರೆ ಅಂತ ಕೇಳಿ. ಮುಖ್ಯವಾಗಿ, ನಾಳೆ ಡೀಲರ್ ಹತ್ತಿರ ಸಾಫ್ಟ್‌ವೇರ್ ಅಪ್‌ಡೇಟ್ ಆಗಿ ಟ್ಯೂನ್ ಅಳಿಸಿಹೋದರೆ ಮತ್ತೆ ಪುಕ್ಕಟೆ ಹಾಕಿಕೊಡುತ್ತಾರಾ, ಯಾವ ಆಕ್ಟೇನ್ ಪೆಟ್ರೋಲ್‌ಗೆ ಬರೆದ ಫೈಲ್ ಅನ್ನುವುದನ್ನು ಬಿಲ್ ಮೇಲೆಯೇ ಬರೆಸಿ. ಫೋಕ್ಸ್‌ವ್ಯಾಗನ್ ಗುಂಪಿನ ಗಾಡಿಗಳಲ್ಲಿ ಟ್ಯೂನ್ ಸಿಕ್ಕಿಬಿದ್ದರೆ ಕಂಪನಿಯ ದಾಖಲೆಯಲ್ಲಿ ಟಿಡಿ1 ಗುರುತು (ಟ್ಯೂನ್ ಆದ ಗಾಡಿ, ವಾರಂಟಿ ಕ್ಲೇಮ್ ನಿರಾಕರಿಸಬಹುದು ಅನ್ನುವ ಸೂಚನೆ) ಬೀಳುತ್ತದೆ. ನಿಮಗೆ ವಾರಂಟಿ ಇಲ್ಲದ್ದರಿಂದ ಚಿಂತೆ ಕಮ್ಮಿ, ಎಕ್ಸ್‌ಟೆಂಡೆಡ್ ವಾರಂಟಿ ಇರುವವರು ಯೋಚಿಸಿ.

ಸ್ಪ್ಯಾನರ್_13:
ಕಿಟ್ ಬೆಲೆಯನ್ನೂ ಒಮ್ಮೆ ನೋಡಿ ಸರ್. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದಿದೆ. ಹಳೇ ಪ್ರೈಸ್ ಲಿಸ್ಟ್ ಹಿಡಿದು ಎಸ್ಟಿಮೇಟ್ ಹಾಕಿದ್ದರೆ ಅಲ್ಲೇ ದೊಡ್ಡ ಮೊತ್ತ ಉಳಿಯುತ್ತದೆ. ಕಿಟ್ ನೀವೇ ತಂದು ಕೊಟ್ಟರೆ ಎಷ್ಟೋ ಡೀಲರ್‌ಗಳು ಕೆಲಸದ ಗ್ಯಾರಂಟಿ ಕೊಡುವುದಿಲ್ಲ, ಅದನ್ನೂ ಮೊದಲೇ ಕೇಳಿಕೊಳ್ಳಿ. ಇನ್ಶೂರೆನ್ಸ್‌ನವರಿಗೆ ಮಾರ್ಪಾಡು ಬರೆದು ತಿಳಿಸುವುದು ಕ್ಲೇಮ್ ಬಂದಾಗ ಅಲ್ಲ, ಹಾಕಿಸುವ ಮುಂಚೆ.

ಟರ್ಬೊ_ಜಯನಗರ:
ಹಾಗಾದರೆ ಓವರ್‌ಲ್ಯಾಪ್ ತೆಗೆಸಿ ಮತ್ತೆ ಎಸ್ಟಿಮೇಟ್ ಕೇಳುತ್ತೇನೆ. ಬಂಪ್ ಸ್ಟಾಪ್ (ಶಾಕ್ ತಳಕ್ಕೆ ಬಡಿಯದಂತೆ ತಡೆಯುವ ಮೆತ್ತೆ) ಕತ್ತರಿಸಬೇಕಾ?

ಅಡ್ಡರಸ್ತೆ:
ಕಿಟ್ ಜೊತೆ ಬರುವ ಹಾಳೆಯಲ್ಲಿ ಎಷ್ಟು ಎಂಎಂ ಅಂತ ಇರುತ್ತದೆ, ಅಷ್ಟೇ. ಕೆಲವು ಕಿಟ್‌ನಲ್ಲಿ ಗಿಡ್ಡ ಸ್ಟಾಪ್ ಕೊಟ್ಟೇ ಇರುತ್ತಾರೆ, ಅದನ್ನು ಮತ್ತೆ ಕತ್ತರಿಸಿದರೆ ಹಂಪ್ ಮೇಲೆ ಶಾಕ್ ತಳಕ್ಕೆ ಬಡಿಯುತ್ತದೆ.