ಭತ್ತದ ಗದ್ದೆಯ ಕೀಟನಾಶಕವನ್ನು ಬಿಸಿಲು ಎಷ್ಟು ಬೇಗ ಒಡೆಯುತ್ತದೆ?

ಪ್ರಶ್ನೆ (ಶಿಕ್ಷಕರು, ಸಿಂಧನೂರು ತಾಲ್ಲೂಕು): ತುಂಗಭದ್ರಾ ಎಡದಂಡೆ ಕಾಲುವೆಯ ನಮ್ಮ ಭತ್ತದ ಗದ್ದೆಗಳಲ್ಲಿ ಜಿಗಿಹುಳುವಿನ ಹತೋಟಿಗೆ ಇಮಿಡಾಕ್ಲೋಪ್ರಿಡ್ ಸಿಂಪಡಿಸುತ್ತಾರೆ. ಬಸಿನೀರು ಹಳ್ಳ ಸೇರುತ್ತದೆ. ರಾಯಚೂರಿನ ಬಿಸಿಲಿಗೆ ಅದು ಒಂದೇ ದಿನದಲ್ಲಿ ನಾಶವಾಗುತ್ತದೆ ಎನ್ನುತ್ತಾರೆ. ಇದನ್ನು ಲೆಕ್ಕದಿಂದ ಪರೀಕ್ಷಿಸಬಹುದೇ?

ಉತ್ತರ (ಪರಿಸರ ರಸಾಯನಶಾಸ್ತ್ರಜ್ಞರು): ಪರೀಕ್ಷಿಸಬಹುದು. ಆದರೆ ಬಿಸಿಲಿನ ತಾಪ ಬೇರೆ, ಬೆಳಕು ಬೇರೆ. ಇಲ್ಲಿ ಅಣುವನ್ನು ಒಡೆಯುವುದು ಅದು ಹೀರಿಕೊಳ್ಳಬಲ್ಲ ಬೆಳಕು. ಇಮಿಡಾಕ್ಲೋಪ್ರಿಡ್ ಹೆಚ್ಚಾಗಿ ಹೀರುವುದು 270 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ಬೆಳಕನ್ನು; ಸುಮಾರು 290ಕ್ಕಿಂತ ಕಡಿಮೆ ತರಂಗಾಂತರದ ಕಿರಣಗಳನ್ನು ಓಝೋನ್ ಪದರ ತಡೆಯುವುದರಿಂದ, ಅಣುವಿನ ಹೀರುವಿಕೆಯಲ್ಲಿ ಆ ಗಡಿಯ ಆಚೆಗೆ ಚಾಚಿದ ಸಣ್ಣ ಅಂಚಷ್ಟೇ ನಮ್ಮ ಲೆಕ್ಕಕ್ಕೆ ಬರುತ್ತದೆ. 1977ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಝೆಪ್ ಮತ್ತು ಕ್ಲೈನ್ ವಿವರಿಸಿದ ವಿಧಾನದಲ್ಲಿ ಪ್ರತಿ ತರಂಗಾಂತರದ ಬಿಸಿಲನ್ನು ಅಣುವಿನ ಹೀರುವಿಕೆಯಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಹೀರಿದ ಬೆಳಕಿನಲ್ಲಿ ಎಷ್ಟು ಪಾಲು ನಿಜವಾಗಿ ಅಣುವನ್ನು ಒಡೆಯುತ್ತದೆ ಎಂಬ ಕ್ವಾಂಟಂ ಇಳುವರಿಯಿಂದ ಮತ್ತೆ ಗುಣಿಸುತ್ತಾರೆ. ಅಕ್ಷಾಂಶ, ಋತು, ಹೊತ್ತು ಇವೆಲ್ಲ ಬಿಸಿಲಿನ ಅಂಕಿಯೊಳಗೆ ಸೇರುತ್ತವೆ. 16 ಡಿಗ್ರಿ ಅಕ್ಷಾಂಶದ ರಾಯಚೂರಿನಲ್ಲಿ ಮೇ ಮೊದಲ ವಾರದ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿದ್ದರೆ, ಡಿಸೆಂಬರ್ ಕೊನೆಯಲ್ಲಿ ಸುಮಾರು 50 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ.

ತಿಳಿನೀರಿನ ಮೇಲ್ಪದರದಲ್ಲಿ ಇಮಿಡಾಕ್ಲೋಪ್ರಿಡ್ ಕೆಲವೇ ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ ಎಂಬುದು ನಿಜ, ಊರಿನ ಮಾತಿಗೂ ಅದೇ ಆಧಾರವಿರಬಹುದು. ಗದ್ದೆಯ ನೀರು ಮಾತ್ರ ತಿಳಿನೀರಲ್ಲ. ಎರೆಮಣ್ಣಿನ ಕಣಗಳೂ ಕೊಳೆತ ಹುಲ್ಲಿನ ಕಂದು ರಸವೂ ಇದೇ ಕಿರಣಗಳನ್ನು ಮೊದಲು ಹೀರಿಬಿಡುತ್ತವೆ. ಪ್ರತಿ ಸೆಂಟಿಮೀಟರಿಗೆ ನೀರಿನ ಹೀರುವಿಕೆ 0.2 (ಅಂದರೆ ಒಂದು ಸೆಂಟಿಮೀಟರಿನಲ್ಲೇ ಬೆಳಕಿನ ಮೂರನೆಯ ಒಂದಕ್ಕಿಂತ ತುಸು ಹೆಚ್ಚು ಪಾಲು ಹೀರಲ್ಪಡುವಷ್ಟು) ಇದ್ದು, ನೀರು 10 ಸೆಂಟಿಮೀಟರ್ ನಿಂತಿದ್ದರೆ, ಒಟ್ಟು ನೀರಿನಲ್ಲಿ ಕೀಟನಾಶಕ ಒಡೆಯುವ ಸರಾಸರಿ ವೇಗ ಮೇಲ್ಪದರದ ಸುಮಾರು ಐದನೆಯ ಒಂದಕ್ಕೆ ಇಳಿಯುತ್ತದೆ. ಪೈರು ಕವಿದ ಮೇಲೆ ನೆರಳಿನಿಂದ ಇನ್ನೂ ಕುಗ್ಗುತ್ತದೆ. ಕೆಸರಿನೊಳಗೆ ಇಳಿದ ಅಂಶಕ್ಕಂತೂ ಬೆಳಕೇ ತಲುಪದು, ಅದು ತಿಂಗಳುಗಟ್ಟಲೆ ಉಳಿಯಬಲ್ಲದು. ಇಷ್ಟಾದರೂ ಒಡೆಯುವುದೆಂದರೆ ನಿರುಪದ್ರವಿಯಾಗುವುದಲ್ಲ: ಬೆಳಕಿನಿಂದ ಹುಟ್ಟುವ, ನೈಟ್ರೋ ಗುಂಪನ್ನು ಕಳೆದುಕೊಂಡ ಡೆಸ್‌ನೈಟ್ರೋ ರೂಪವು ಸಸ್ತನಿಗಳ ನರಗ್ರಾಹಕಗಳಿಗೆ ಮೂಲ ರಾಸಾಯನಿಕಕ್ಕಿಂತ ಬಲವಾಗಿ ಅಂಟಿಕೊಳ್ಳುತ್ತದೆ. ಆದ್ದರಿಂದ ಸಿಂಪಡಿಸಿದ ಮರುದಿನವೇ ಗದ್ದೆಯ ನೀರನ್ನು ಹಳ್ಳಕ್ಕೆ ಬಿಡುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ಹಳ್ಳದ ನೀರನ್ನು ಬಾಟಲಿಯಲ್ಲಿ ತುಂಬಿ ಮಾಳಿಗೆಯ ಮೇಲಿಟ್ಟು ವಿದ್ಯಾರ್ಥಿಗಳಿಂದ ಅಳೆಸಬಹುದೇ?

ಉತ್ತರ: ಸಾಮಾನ್ಯ ಗಾಜು ಬೇಕಾದ ಕಿರಣಗಳನ್ನೇ ಬಹುಪಾಲು ತಡೆಯುತ್ತದೆ, ಕ್ವಾರ್ಟ್ಜ್ ಕೊಳವೆಯೇ ಬೇಕು. ಅದೇ ನೀರಿನ ಇನ್ನೊಂದು ಕೊಳವೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಪಕ್ಕದಲ್ಲಿಡಿ. ಕತ್ತಲಲ್ಲೂ ಕಡಿಮೆಯಾದಷ್ಟು ಪಾಲು ಸೂಕ್ಷ್ಮಜೀವಿಗಳಿಂದಲೋ ನೀರಿನ ಕ್ರಿಯೆಯಿಂದಲೋ ಆದದ್ದು, ಅದನ್ನು ಬಿಸಿಲಿನ ಲೆಕ್ಕಕ್ಕೆ ಸೇರಿಸಬಾರದು. ಉಳಿದ ಪ್ರಮಾಣವನ್ನು ಅಳೆಯುವ ಕೆಲಸ ಪ್ರಯೋಗಾಲಯದಲ್ಲೇ ಆಗಬೇಕು.