ಸಹಾಯ ಬೇಕು: ಗಂಡನ ಮನೆಯ ಹಳೇ ಗ್ರೀಕ್ ರೈಫಲ್ ಯಾರದ್ದು?

ನಾನಿರುವುದು ಗ್ರೀಸ್‌ನ ಕಲಮಾತಾದಲ್ಲಿ, ಗಂಡನ ಊರು. ಮಾವನವರ ಮನೆಯಲ್ಲಿ ಹಳೇ ಮ್ಯಾನ್ಲಿಖರ್-ಶೋನಾವರ್ ರೈಫಲ್ ಇದೆ. ಗ್ರೀಕ್ ಸೈನ್ಯದ 1903ರ ಮಾದರಿ, 6.5 ಎಂಎಂ, ಆಸ್ಟ್ರಿಯಾದ ಸ್ಟೈರ್‌ನಲ್ಲಿ ತಯಾರಾದದ್ದು. ಮೇಲೆ ಕಿರೀಟದ ಮುದ್ರೆ. ಮರದ ಹಿಡಿಯಲ್ಲಿ ಯಾರೋ ಚಾಕುವಿನಿಂದ ಕೊರೆದ ಎರಡು ಅಕ್ಷರ, ಪಕ್ಕದಲ್ಲೊಂದು ಪುಟ್ಟ ಶಿಲುಬೆ.

ಮುತ್ತಜ್ಜ 1912ರ ಬಾಲ್ಕನ್ ಯುದ್ಧಕ್ಕೆ ಹೊತ್ತಿದ್ದು ಇದನ್ನೇ ಅಂತಾರೆ ಮಾವ, ಅದೆಲ್ಲ ಸುಳ್ಳು, 1941ರಲ್ಲಿ ಜರ್ಮನರು ನುಗ್ಗಿ ಸೈನ್ಯ ಚದುರಿದಾಗ ಯಾರೋ ತಂದಿಟ್ಟಿದ್ದು ಅಂತಾರೆ ಅತ್ತೆ. ನನಗೆ ಅತ್ತೆ ಮಾತೇ ಸರಿ ಅನ್ನಿಸುತ್ತೆ. ಸರ್ಕಾರಿ ಬಂದೂಕನ್ನು ಸುಮ್ನೆ ಮನೆಗೆ ಕೊಟ್ಟು ಕಳಿಸಲ್ಲ ಅಲ್ವಾ?

ಅಥೆನ್ಸ್‌ನ ಸೇನಾ ಇತಿಹಾಸ ವಿಭಾಗದಲ್ಲಿ ಹಳೇ ಸೈನಿಕರ ದಾಖಲೆ ಹುಡುಕಿಸಿದವರು ಯಾರಾದರೂ ಇದ್ದೀರಾ? ಸೀರಿಯಲ್ ನಂಬರ್ ಹಿಡಿದು ಯಾವ ರೆಜಿಮೆಂಟಿನದ್ದು ಅಂತ ತಿಳಿಯುತ್ತಾ? ಫೋಟೋ ಕಳಿಸುತ್ತೇನೆ. ಮಾರೋಕಲ್ಲ, ಬೆಲೆ ಕೇಳಬೇಡಿ.